ಹುಳುವಿನ ಮನೆಯಲ್ಲಿ ಒಣಗಿದ ಬೆಟ್ಟ

ಮೊನ್ನೆ ಚಿಂತಾಮಣಿಯಲ್ಲಿ ಮೊರ ಮಾರುವವಳೊಬ್ಬಳ ಮುಂದೆ ನಿಂತಿದ್ದೆ. ನನಗೇನೂ ಮೊರ ಬೇಕಿರಲಿಲ್ಲ. ಮಗಳು ತರಕಾರಿ ಕೊಂಡು ಮುಗಿಸುವವರೆಗೆ ಎಲ್ಲಾದರೂ ನಿಲ್ಲಬೇಕಿತ್ತು, ನಿಂತೆ. ಆಕೆ ಬಿದಿರಿನ ಮೊರಗಳಿಗೆ ಕಾಗದದ ಹಿಟ್ಟು ಬಳಿದು ಬಿಸಿಲಿಗೆ ಒರಗಿಸಿದ್ದಳು. ಹಳೇ ಕಾಗದವನ್ನೂ ಮೆಂತ್ಯವನ್ನೂ ನೆನೆಸಿ, ರುಬ್ಬಿ, ಮೊರದ ಸಂದುಗಳಿಗೆ ಮೆತ್ತುವುದು ಒಂದು ಕಾಲಕ್ಕೆ ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದ ಕೆಲಸ. ಈಗ ಯಾರು ಮಾಡುತ್ತಾರೆ ಎಂದುಕೊಂಡಿದ್ದೆ. ಆ ಹಸಿ ಮೆಂತ್ಯದ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಧಸಕ್ಕೆಂದಿತು. ಎಂಬತ್ತು ದಾಟಿದ ಎದೆ, ಹಾಗೆಲ್ಲ ಅನ್ನಬಾರದು. ಮಗಳು ಓಡಿಬಂದು "ಯಾಕಪ್ಪಾ, ಬಿಸಿಲಿಗೆ ತಲೆ ಸುತ್ತು ಬಂತಾ?" ಎಂದಳು. ಹೂಂ ಎಂದೆ. ಅಷ್ಟು ಹಳೆಯ ತಪ್ಪನ್ನು ತರಕಾರಿ ಚೀಲ ಹಿಡಿದು ನಿಂತವಳಿಗೆ ಬೀದಿಯಲ್ಲಿ ಹೇಳುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರು ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತೆರಡು. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವಿನ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಹೋದೆ. ಹಳ್ಳಿಯ ಹೆಸರು ಬೇಡ. ಆ ಮನೆಯ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ, ಇಲ್ಲಿ ಬರುವ ಹೆಸರುಗಳನ್ನೂ ಬದಲಾಯಿಸಿದ್ದೇನೆ. ನಾನು ಗೌರಿಬಿದನೂರಿನ ಕಡೆಯವನು. ಕಡಲೆಕಾಯಿ ಗೊತ್ತು, ಜೋಳ ಗೊತ್ತು; ರೇಷ್ಮೆ ಅಂದರೆ ಮದುವೆಯಲ್ಲಿ ಉಡುವ ಬಟ್ಟೆ ಅಂತ ಮಾತ್ರ ಗೊತ್ತು. ಅಂಥವನಿಗೆ ಬಾಡಿಗೆಗೆ ಸಿಕ್ಕಿದ್ದು ರೇಷ್ಮೆ ಹುಳು ಸಾಕುವವರ ಮನೆಯ ಮುಂದಿನ ಕೋಣೆ.

ಮನೆಯಲ್ಲಿ ಮೂರೇ ಜನ. ಯಜಮಾನ ನಾರಾಯಣಪ್ಪ, ನನಗಿಂತ ಐದಾರು ವರ್ಷ ದೊಡ್ಡವನು, ಮಾತು ಕಡಿಮೆ. ಅವನ ತಾಯಿ ಪಾಪಮ್ಮನವರು, ಮಗನ ಪಾಲಿನ ಮಾತನ್ನೂ ತಾವೇ ಆಡುವವರು. ಅವನ ಹೆಂಡತಿ ಯಶೋದಮ್ಮ, ಇಪ್ಪತ್ತರ ಹತ್ತಿರದ ಹೆಣ್ಣುಮಗಳು. ಮನೆಯ ಒಳ್ಳೆಯ ಕೋಣೆ ಹುಳುಗಳಿಗೆ. ಮನುಷ್ಯರು ಹಜಾರದಲ್ಲಿ ಮಲಗುತ್ತಿದ್ದರು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಆ ಹುಳುಗಳನ್ನು ಅವರು ನೋಡಿಕೊಳ್ಳುತ್ತಿದ್ದ ರೀತಿ ಕಂಡು ನನಗೆ ಮೊದಮೊದಲು ನಗು ಬರುತ್ತಿತ್ತು.

ಮನೆ ಸೇರಿದ ದಿನವೇ ಪಾಪಮ್ಮನವರು ಹುಳುವಿನ ಮನೆಯ ಬಾಗಿಲಲ್ಲಿ ನಿಂತು ನನಗೆ ಕಾನೂನು ಓದಿದ್ದರು.

"ಕಾಲು ತೊಳ್ಕೊಂಡೇ ಒಳಗೆ ಬರ್ಬೇಕು. ಸಾವಿನ ಮನೆಗೆ ಹೋಗ್ಬಂದೋರು ಬರ್ಬಾರ್ದು. ಒಗ್ಗರಣೆ ಗಾಟು ಆಗ್ಬಾರ್ದು. ಬೀಡಿಗೀಡಿ ಮುಟ್ಟಿದ ಕೈಲಿ ಒಳಗೆ ಕಾಲಿಡ್ಬಾರ್ದು. ಹೊರಗಾದ ಹೆಂಗಸ್ರ ನೆರಳೂ ಬೀಳ್ಬಾರ್ದು. ಹುಳ ಅಂದ್ರೆ ಹಸೀ ಬಾಣಂತಿ ಇದ್ದಂಗೆ ಕಣಪ್ಪ ಮೇಷ್ಟ್ರೇ, ಬಲು ನಾಜೂಕು."

ನಾನು ಓದಿದವನು. ಗಂಭೀರವಾಗಿ ತಲೆಯಾಡಿಸಿ ಒಳಗೇ ನಕ್ಕೆ. ಅವರು ಹೇಳಿದ್ದನ್ನೆಲ್ಲ ಒಂದೇ ಗಂಟಿಗೆ ಕಟ್ಟಿ, ಮಡಿ ಮೈಲಿಗೆಯ ಮಾತು ಎಂದು ಮೂಲೆಗಿಟ್ಟೆ. ಬೀಡಿ ಸೇದುವ ಅಭ್ಯಾಸವಿರಲಿಲ್ಲ, ಚಪ್ಪಲಿ ಹೊರಗೇ ಬಿಡುತ್ತಿದ್ದೆ. ಅಷ್ಟಕ್ಕೆ ನನ್ನ ಪಾಲಿನ ಕರ್ತವ್ಯ ಮುಗಿಯಿತೆಂದುಕೊಂಡೆ.

ಆ ವರ್ಷ ಮಳೆಗಾಲದ ಕೊನೆಗೆ ಚಿಂತಾಮಣಿಯಲ್ಲಿ ತಾಲ್ಲೂಕಿನ ಶಾಲೆಗಳೆಲ್ಲ ಸೇರಿ ವಸ್ತುಪ್ರದರ್ಶನ ಮಾಡುವುದೆಂದಾಯಿತು. ನಮ್ಮ ಹೆಡ್‌ಮೇಷ್ಟ್ರು ನನ್ನನ್ನು ಕರೆದು "ನಿಮ್ದು ಚಿತ್ರ ಬರೆಯೋ ಕೈ, ನೀವೇ ಏನಾದ್ರೂ ಮಾಡಿ" ಎಂದರು. ಚಿಂತಾಮಣಿ ಹತ್ತಿರದ ಅಂಬಾಜಿದುರ್ಗದ ಮಾದರಿ ಮಾಡುತ್ತೇನೆ ಎಂದೆ. ಬೆಟ್ಟ, ಮೇಲೆ ಕೋಟೆ. ಕೋಟೆಯ ಗೋಡೆಯನ್ನು ಹುಡುಗರು ಸೀಮೆಸುಣ್ಣದ ತುಂಡು, ಬೆಂಕಿಕಡ್ಡಿಗಳಲ್ಲಿ ಚೆನ್ನಾಗಿಯೇ ಕಟ್ಟಿದರು. ಬೆಟ್ಟ ನನ್ನ ಪಾಲಿಗೆ ಬಂತು. ಕೆರೆಯ ಜೇಡಿಮಣ್ಣು ತಂದು ಗುಡ್ಡೆ ಹಾಕಿದೆ, ಒಣಗಿ ಬಿರುಕು ಬಿಟ್ಟು ಎರಡು ಹೋಳಾಯಿತು. ಇನ್ನೊಂದು ಮಾಡಿದೆ, ಅದನ್ನು ಎತ್ತಲು ನಾಲ್ಕು ಜನ ಬೇಕಾಯಿತು. ಮೂರನೆಯದಕ್ಕೆ ಗೋಣಿಚೀಲದೊಳಗೆ ಹುಲ್ಲು ತುಂಬಿ ಮೇಲೆ ಮಣ್ಣು ಸಾರಿಸಿದೆ. ಅದನ್ನು ಜಗಲಿಯ ಮೇಲಿಟ್ಟು ದೂರ ನಿಂತು ನೋಡುತ್ತಿದ್ದಾಗ ಯಶೋದಮ್ಮ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದಳು.

"ಏನು ಮೇಷ್ಟ್ರೇ ಇದು?"

"ಅಂಬಾಜಿದುರ್ಗ."

ಹೊರೆ ಇಳಿಸಿದವಳೇ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಬೆಲ್ಲದ ಅಚ್ಚು ಮಗುಚಿದಂಗೈತೆ. ನಮ್ಮ ಬೆಟ್ಟ ಹಿಂಗಿಲ್ಲ ಬಿಡಿ."

ಆಕೆಯ ತವರು ಅಂಬಾಜಿದುರ್ಗದ ಬುಡದಲ್ಲೇ ಇತ್ತು. ಹುಟ್ಟಿದಾಗಿನಿಂದ ಮದುವೆಯಾಗುವವರೆಗೆ ಬಾಗಿಲು ತೆಗೆದರೆ ಅದೇ ಬೆಟ್ಟ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಬುದ್ಧಿ ಬಂತು. ಹೇಗಿದೆ ಹೇಳಿ ಹಾಗಾದರೆ ಎಂದೆ.

"ನಮ್ಮ ಕಡೆ ಬೆಟ್ಟ ಅಂದ್ರೆ ಮಣ್ಣಿನ ದಿಬ್ಬ ಅಲ್ಲ ಮೇಷ್ಟ್ರೇ. ಬಂಡೆ ಮೇಲೆ ಬಂಡೆ ಕೂತಿರ್ತದೆ, ಯಾರೋ ತಂದು ಇಟ್ಟು ಮರೆತು ಹೋದಂಗೆ. ಮಧ್ಯೆ ಸಂದು ಇರ್ಬೇಕು, ಸಂದಲ್ಲಿ ಕತ್ಲೆ ಇರ್ಬೇಕು."

ಮಾರನೆಯ ದಿನ ಆಕೆ ಮೊರಕ್ಕೆ ಬಳಿಯಲು ಕಾಗದ ನೆನೆಹಾಕಿದಾಗ ನನ್ನ ಪಾಲಿಗೂ ಸೇರಿಸಿ ನೆನೆಹಾಕಿದಳು. ಶಾಲೆಯ ಹಳೇ ಉತ್ತರಪತ್ರಿಕೆಗಳೆಲ್ಲ ಮೆಂತ್ಯದ ಜೊತೆ ಒರಳಿಗೆ ಬಿದ್ದವು. ಹರಿದ ಮಂಕರಿ ಬುಟ್ಟಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಉಂಡೆ ಮಾಡಿದ ಕಾಗದಗಳನ್ನು ನಾರಿನಿಂದ ಬಿಗಿದು, ನಡುನಡುವೆ ಒಡೆದ ಮಡಕೆಯ ಚೂರು ಸಿಕ್ಕಿಸಿ, ರಾಗಿ ಗಂಜಿ ಬೆರೆಸಿದ ಕಾಗದದ ಹಿಟ್ಟನ್ನು ಮೇಲೆ ಮೆತ್ತಿದೆವು. ಹಿಟ್ಟು ಹಸಿಯಾಗಿರುವಾಗಲೇ ತೆಂಗಿನ ಗುಂಜಿನಿಂದ ತಟ್ಟಿದರೆ ಬಂಡೆಯ ಒರಟು ಮೈ ಬರುತ್ತದೆ ಎಂದು ಕಂಡುಹಿಡಿದದ್ದು ಆಕೆ. ಸೂಜಿಯಿಂದ ಬಿರುಕು ಗೀರಿದ್ದು ನಾನು. ಕುಲುಮೆಯಿಂದ ತಂದ ಕಿಟ್ಟದ ಚೂರುಗಳು ಬುಡದಲ್ಲಿ ಉರುಳಿಬಿದ್ದ ಕಲ್ಲುಗಳಾದವು. ಹುಳು ತಿಂದು ಬಿಟ್ಟ ಸೊಪ್ಪನ್ನು ಒಣಗಿಸಿ ಪುಡಿ ಮಾಡಿ ಸಂದುಗಳಿಗೆ ಉದುರಿಸಿದರೆ ಅದೇ ಪಾಚಿ.

ಬಣ್ಣ ಹಚ್ಚುವುದನ್ನೂ ಆಕೆಯೇ ಹೇಳಿಕೊಟ್ಟಳು. ಮೊದಲು ಇದ್ದಿಲು, ಬೂದಿ ಕಲಸಿ ಇಡೀ ಬೆಟ್ಟಕ್ಕೆ. ಅದು ಒಣಗಿದ ಮೇಲೆ ಸುಣ್ಣದ ತಿಳಿಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಬ್ಬಿದ ಕಡೆಯಷ್ಟೇ ಸವರುವುದು. ಆಮೇಲೆ ದೀಪದ ಕಾಡಿಗೆಯಿಂದ ಮೇಲಿನಿಂದ ಕೆಳಕ್ಕೆ ಗೆರೆ. "ಮಳೆ ನೀರು ಇಳಿದು ಇಳಿದು ಕರೀ ಗೆರೆ ಬಿದ್ದಿರ್ತದೆ. ಅದಿಲ್ದೆ ಹೋದ್ರೆ ಅದು ಬಂಡೆನೇ ಅಲ್ಲ" ಎಂದಳು. ಸವರಿದೆ. ನಾನು ಮೆತ್ತಿದ ಕಾಗದವೇ ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬಂತು. ಪಾಪಮ್ಮನವರು ಇದೆಲ್ಲ ನಡೆಯುವಾಗ ಪಕ್ಕದಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು, ಊರವರ ಬಾಯಿಗೆ ಬೀಗ ಹಾಕಲು. ಅವರಿಗೂ ಖುಷಿಯಾಗಿತ್ತು. ಆದರೆ ಸೊಸೆಯ ಕೆಲಸ ಚೆನ್ನಾಗಿದೆ ಎಂದು ಅವರ ಬಾಯಿಂದ ಬರುವುದು ಸಾಧ್ಯವಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆಷಾಢದಲ್ಲಿ ಒಂದು ಬೆಳೆ ಹುಳು ರೋಗ ಬಂದು ಹಾಳಾಗಿತ್ತು. ಅದನ್ನೂ ಸೊಸೆಯ ಕೈಗುಣಕ್ಕೆ ಸೇರಿಸಿದ್ದರು. ಮಂಡಿಕಲ್ಲಿನ ಕಡೆ ಪಾಪಮ್ಮನವರ ತಮ್ಮನ ಮಗಳೊಬ್ಬಳು ಮದುವೆಯ ವಯಸ್ಸಿಗೆ ಬಂದಿದ್ದಳು, ಅವಳನ್ನು ಮಗನಿಗೆ ತರುವ ಮಾತೂ ಇತ್ತು. "ಈ ಸಲ ಹುಳ ಕೆಟ್ರೆ ನಿಮ್ಮಪ್ಪನ್ನ ಕರೆಸಿ ಪೆಟ್ಟಿಗೆ ಕೊಟ್ಟು ಕಳಿಸ್ತೀನಿ ಕಣೇ" ಎಂದು ನನ್ನೆದುರೇ ಒಂದು ದಿನ ಹೇಳಿದ್ದರು. ಯಶೋದಮ್ಮ ತಟ್ಟೆ ಬದಲಾಯಿಸುತ್ತಿದ್ದಳು. ಆ ಸಲದ ಹುಳುಗಳನ್ನು ಆಕೆ ನೋಡಿಕೊಂಡ ಹಾಗೆ ಯಾರೂ ಹೆತ್ತ ಮಕ್ಕಳನ್ನೂ ನೋಡಿಕೊಳ್ಳಲಾರರು.

ಹುಳು ಪೊರೆ ಬಿಡಲು ತಿನ್ನುವುದು ನಿಲ್ಲಿಸಿ ಮಂಕಾಗಿ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಮುಗಿಸಿ ಎದ್ದ ಹುಳು ಒಂದು ವಾರ ಹಗಲಿರುಳು ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಆ ಬೆಳೆ ನಾಲ್ಕೂ ಜ್ವರ ದಾಟಿತ್ತು. ಇನ್ನೆರಡು ದಿನಕ್ಕೆ ಹುಳುಗಳನ್ನು ಗೂಡು ಕಟ್ಟಲು ಬಿಡಬೇಕೆಂದು ಬಿದಿರಿನ ಚಂದ್ರಿಕೆಗಳನ್ನು ತಂದು ಗೋಡೆಗೆ ಒರಗಿಸಿದ್ದರು. ನನ್ನ ಪ್ರದರ್ಶನವೂ ಆಗಲೇ. ಅಂಥ ಹೊತ್ತಿನಲ್ಲಿ ಯಶೋದಮ್ಮ ಹೊರಗಾದಳು. ಹಿತ್ತಿಲ ಜಗಲಿಯಲ್ಲಿ ಮೂರು ದಿನ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಹುಳುವಿನ ಕೆಲಸವೆಲ್ಲ ತಾಯಿ ಮಗನ ಮೇಲೆ ಬಿತ್ತು.

ಅದರ ಮರುದಿನ ಬೆಳಿಗ್ಗೆ ನೋಡುತ್ತೇನೆ, ಬೆಟ್ಟದ ಒಂದು ಪಕ್ಕವನ್ನು ಜಿರಲೆಗಳು ತಿಂದು ಹಾಕಿವೆ! ರಾಗಿ ಗಂಜಿಯ ರುಚಿ ಹತ್ತಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಮರುದಿನ ನಸುಕಿಗೇ ಬಂಡಿ ಹೊರಡಬೇಕು. ಆಗ ನೆನಪಾಯಿತು: ನಮ್ಮ ತಂದೆ ಶಾನುಭೋಗಿಕೆಯ ಕಡತಗಳಿಗೆ ಹುಳ ಬೀಳದಿರಲೆಂದು ನಡುನಡುವೆ ಹೊಗೆಸೊಪ್ಪಿನ ಎಲೆ ಇಡುತ್ತಿದ್ದರು. ಅಂಗಡಿಯಿಂದ ಒಂದು ಕಟ್ಟು ಹೊಗೆಸೊಪ್ಪು ತಂದು, ನೆನೆಸಿ, ನನ್ನ ಕೋಣೆಯಲ್ಲೇ ಕುದಿಸಿ, ಆ ಕಷಾಯವನ್ನು ರಿಪೇರಿ ಮಾಡಿದ ಬೆಟ್ಟಕ್ಕೆಲ್ಲ ಎರಡು ಸಲ ಕುಡಿಸಿದೆ. ಜಿರಲೆ ಓಡಿಸುವುದಷ್ಟೇ ಅಲ್ಲ, ಇನ್ನೊಂದು ಸೋಜಿಗವೂ ಆಯಿತು. ಬೂದಿ ಬಣ್ಣದ ಮೇಲೆ ತುಕ್ಕಿನಂಥ ಕಂದು ಇಳಿದು, ಸಾಕ್ಷಾತ್ ಕಲ್ಲುಬಂಡೆಯೇ ಎದ್ದು ನಿಂತಿತು. ಯಶೋದಮ್ಮನಿಗೂ ಹೊಳೆಯದ ಉಪಾಯ ನನಗೆ ಹೊಳೆಯಿತಲ್ಲ ಎಂದು ಉಬ್ಬಿಹೋದೆ.

ಆದರೆ ಒಣಗಬೇಕಲ್ಲ? ಎರಡು ದಿನದಿಂದ ಜಡಿಮಳೆ. ನನ್ನ ಕೋಣೆಯ ಗೋಡೆಯೇ ಬೆವರುತ್ತಿತ್ತು. ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಹುಳುವಿನ ಮನೆ ಒಂದೇ, ಅಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟಿದ್ದರು. ನಾರಾಯಣಪ್ಪನನ್ನು ಕೇಳಿದೆ. ಅವನಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು, ಕೈತುಂಬ ಕೆಲಸ ಬೇರೆ. "ಅದಕ್ಕೇನು ಇಡಿ ಮೇಷ್ಟ್ರೇ. ಅಂಬಾಜಿದುರ್ಗ ನಮ್ಮನೇಲಿ ಒಂದು ರಾತ್ರಿ ಮಲಗ್ಲಿ" ಎಂದು ನಕ್ಕ. ಅವನು ನಗುವುದೇ ಅಪರೂಪ. ನಾನು ಕಾಲು ತೊಳೆದುಕೊಂಡು, ಬೆಟ್ಟವನ್ನು ಎತ್ತಿ ಒಳಗೆ ಹೋಗಿ, ಮೂಲೆಯಲ್ಲಿದ್ದ ಹಲಗೆಯ ಮೇಲಿಟ್ಟು ಬಂದೆ. ಆ ಹಲಗೆಯ ಕೆಳಗೆ, ಒದ್ದೆ ಗೋಣಿ ಹೊದಿಸಿ, ಬೆಳಗಿನ ಸೊಪ್ಪಿನ ರಾಶಿ ಇತ್ತು.

ಬೆಳಿಗ್ಗೆ ಬೆಟ್ಟ ಹಪ್ಪಳದ ಹಾಗೆ ಒಣಗಿತ್ತು. ಅದನ್ನು ಎತ್ತಿಕೊಂಡು ಹೊರಬರುವಾಗ ಪಾಪಮ್ಮನವರು ಗೋಣಿ ಸರಿಸಿ ಸೊಪ್ಪು ತೆಗೆಯುತ್ತಿದ್ದರು. "ಗೆದ್ಕೊಂಡ್ ಬಾರಪ್ಪ" ಎಂದು ಹರಸಿದರು.

ಚಿಂತಾಮಣಿಯಲ್ಲಿ ನಮ್ಮ ಬೆಟ್ಟದ ಮುಂದೆ ಜನವೋ ಜನ. ಬೇರೆ ಶಾಲೆಯವರು ಅಣೆಕಟ್ಟು ಮಾಡಿದ್ದರು, ರೈಲು ಮಾಡಿದ್ದರು, ಅವರ ಮುಂದೆ ನೊಣ ಹೊಡೆಯುವವರೂ ಇಲ್ಲ. ಎಲ್ಲರೂ ಬೆರಳಿಟ್ಟು ಮುಟ್ಟಿ ನೋಡುವವರೇ, ಕಲ್ಲಲ್ಲ ಕಾಗದ ಅಂದರೆ ನಂಬದವರೇ. ಎರಡನೆಯ ದಿನ ಮಧ್ಯಾಹ್ನ ನಮ್ಮ ಹಳ್ಳಿಯ ರೈತನೊಬ್ಬ ಪ್ರದರ್ಶನ ನೋಡಲು ಬಂದವನು ನನ್ನನ್ನು ಕಂಡು ಹತ್ತಿರ ಬಂದ.

"ಗೊತ್ತಾಯ್ತಾ ಮೇಷ್ಟ್ರೇ? ನಾರಾಯಣಪ್ಪನ ಮನೆ ಹುಳ ಪೂರ್ತಿ ಹೋಯ್ತು. ನಿನ್ನೆ ಬೆಳಗಿನ ಸೊಪ್ಪು ಹಾಕಿ ಒಂದು ಗಂಟೆ ಆಗಿಲ್ಲ, ಎಲ್ಲಾ ತಲೆ ಎತ್ಕೊಂಡು ಒದ್ದಾಡ್ಬಿಟ್ವಂತೆ. ಒಂದು ತಟ್ಟೆನೂ ಉಳೀಲಿಲ್ಲ."

"ಹೇಗೆ?" ಎಂದೆ.

"ಇನ್ನೇನು? ಆ ಸೊಸೆ. ಹೊರಗಾಗಿ ಒಂದು ದಿನ ಆಗಿದ್ರೂ ಮುಚ್ಚಿಟ್ಕೊಂಡು ಹುಳದ ಮನೇಲಿ ಓಡಾಡವ್ಳೆ. ಪಾಪಮ್ಮ ಬೀದೀಲಿ ನಿಂತು ಹೇಳ್ತು. ಅವಳ ಅಪ್ಪಂಗೆ ಹೇಳಿಕಳ್ಸವ್ರೆ, ಇವತ್ತು ಸಾಯಂಕಾಲ ಬಂಡಿ ಹತ್ತಿಸ್ತಾರೆ."

ನನಗೆ ಎಲ್ಲಿತ್ತೋ ಸಿಟ್ಟು! ಅವನ ಮೇಲೆ, ಸುತ್ತ ನಿಂತವರ ಮೇಲೆ, ಇಡೀ ತಾಲ್ಲೂಕಿನ ಮೇಲೆ ಹರಿಹಾಯ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನೀವು, ಹೆಣ್ಣು ಮುಟ್ಟಾದರೆ ಹುಳು ಸಾಯುತ್ತದೆಯೇ, ಕಾರಣ ಹುಡುಕಬೇಡವೇ, ವಿಜ್ಞಾನ ಏನು ಹೇಳುತ್ತದೆ ಗೊತ್ತೇ ಎಂದೆಲ್ಲ ಭಾಷಣ ಮಾಡಿದೆ. ಒಳ್ಳೆಯ ಭಾಷಣವೇ. ಒಂದು ಮಾತೂ ತಪ್ಪಿರಲಿಲ್ಲ. ನನ್ನ ಮುಂದೆ ಮೇಜಿನ ಮೇಲೆ ಆ ಬೆಟ್ಟ ಕೂತಿತ್ತು.

ಭಾಷಣ ಮುಗಿಯುವ ಹೊತ್ತಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಖಾದರ್ ಸಾಬರು ಎಂಬ ಹಿರಿಯರೊಬ್ಬರು ಬೆಟ್ಟದ ಮೇಲೆ ಬಾಗಿ ನೋಡುತ್ತಿದ್ದರು. "ವ್ಹಾ ಮಾಸ್ಟರ್, ಏನು ಬಂಡೆ ಮಾಡಿದ್ದೀರಿ!" ಎಂದವರು ಇನ್ನೂ ಬಾಗಿದರು. ಮೂಗು ಅರಳಿಸಿದರು. ಮುಖದ ಬಣ್ಣವೇ ಬದಲಾಯಿತು.

"ಇದಕ್ಕೆ ಏನು ಹಚ್ಚಿದ್ದೀರಿ?"

"ಹೊಗೆಸೊಪ್ಪಿನ ಕಷಾಯ" ಎಂದೆ, ಆಗಲೂ ಸ್ವಲ್ಪ ಜಂಬದಿಂದಲೇ. "ಜಿರಲೆ ಮುಟ್ಟೋದಿಲ್ಲ, ಬಣ್ಣವೂ ಚೆನ್ನಾಗಿ ಬರುತ್ತೆ."

"ಎಲ್ಲಿಟ್ಟು ಒಣಗಿಸಿದ್ರಿ? ಹುಳ ಸಾಕೋ ಮನೇಲಿ ಅಲ್ಲ ತಾನೇ?"

"ಅಲ್ಲೇ" ಎಂದೆ.

"ಯಾ ಅಲ್ಲಾ" ಎಂದು ಅವರು ಹಣೆ ಹಿಡಿದುಕೊಂಡರು. "ಮಾಸ್ಟರ್, ಹುಳಕ್ಕೆ ಹೊಗೆಸೊಪ್ಪು ಅಂದ್ರೆ ನಾಗರಹಾವಿನ ವಿಷ ಇದ್ದಂಗೆ. ಅದನ್ನ ಮುಟ್ಟಿದ ಕೈಲಿ ಸೊಪ್ಪು ಹಾಕಿದ್ರೂ ಸಾಕು, ತಲೆ ಎತ್ತಿ ಒದ್ದಾಡಿ, ಹಸಿರು ವಾಂತಿ ಮಾಡಿ ಸಾಯ್ತಾವೆ. ನಮ್ಮಪ್ಪ ಹುಳ ಇದ್ದಷ್ಟು ದಿನ ಬೀಡಿ ಬಿಟ್ಟುಬಿಡೋರು. ಚಿಕ್ಕ ಮಕ್ಕಳಿಗೂ ಗೊತ್ತಲ್ರೀ ಇದು!"

ಚಿಕ್ಕ ಮಕ್ಕಳಿಗೂ ಗೊತ್ತಿದ್ದದ್ದನ್ನು ಪಾಪಮ್ಮನವರು ನನ್ನ ಮುಂದೆ ನಿಂತು, ಬಿಡಿಸಿ ಹೇಳಿದ್ದರು. ನಾನೇ ಅದನ್ನು ಮಡಿಯ ಗಂಟಿಗೆ ಕಟ್ಟಿ ಎಸೆದಿದ್ದೆ. ಹಲಗೆ, ಅದರಿಂದ ಇಡೀ ರಾತ್ರಿ ತೊಟ್ಟಿಕ್ಕಿದ ಕಂದು ನೀರು, ಕೆಳಗೆ ಒದ್ದೆ ಗೋಣಿ, ಸೊಪ್ಪು, ಎಲ್ಲ ಕಣ್ಣ ಮುಂದೆ ನಿಂತಿತು. ಆ ಹೊತ್ತಿಗೇ ವೇದಿಕೆಯಿಂದ ನಮ್ಮ ಶಾಲೆಯ ಹೆಸರು ಕೂಗಿದರು, ಮೊದಲನೇ ಬಹುಮಾನ. ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು. ಹೋಗಿ ತೆಗೆದುಕೊಂಡೆ. ಏನು ಕೊಟ್ಟರು ಅಂತ ಈಗಲೂ ನೆನಪಿಲ್ಲ.

ಹೆಡ್‌ಮೇಷ್ಟ್ರಿಗೆ ಹೇಳದೆ ಬೆಟ್ಟವನ್ನು ತಲೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ರಸ್ತೆಯಲ್ಲಿ ಇಳಿದು ಎರಡು ಮೈಲಿ ನಡೆಯಬೇಕಿತ್ತು. ಮಳೆ ನಿಂತಿತ್ತು. ನಡೆಯುತ್ತ ಹೇಗೆ ಹೇಳುವುದು ಎಂದು ಹತ್ತು ಥರ ಮಾತು ಜೋಡಿಸಿದೆ, ಹತ್ತೂ ನನ್ನನ್ನು ಉಳಿಸಿಕೊಳ್ಳುವ ಮಾತುಗಳೇ ಆಗಿದ್ದವು.

ಮನೆಯ ಮುಂದೆ ಬಂಡಿ ನಿಂತಿತ್ತು. ಜಗಲಿಯ ಮೇಲೆ ತಗಡಿನ ಪೆಟ್ಟಿಗೆ. ಹಿತ್ತಿಲ ತಿಪ್ಪೆಯಿಂದ ಕೊಳೆತ ಹುಳುಗಳ ನಾತ ಬೀದಿಯವರೆಗೂ ಬರುತ್ತಿತ್ತು. ಯಶೋದಮ್ಮ ತಲೆಗೆ ನೀರು ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಆಕೆಯ ತಂದೆ ಹೆಗಲ ಮೇಲಿನ ಟವೆಲನ್ನು ಕೈಯಲ್ಲಿ ಹಿಡಿದು ಬೇಡಿಕೊಳ್ಳುತ್ತಿದ್ದರು. ನಾರಾಯಣಪ್ಪ ನೆಲ ನೋಡುತ್ತಿದ್ದ. ಪಾಪಮ್ಮನವರು ಹೊಸಿಲ ಮೇಲೆ ನಿಂತು "ನಿನ್ನ ಮಗಳು ನನ್ನ ಮನೆ ತೊಳೆದ್ಬಿಟ್ಲು ಕಣಪ್ಪ. ಕರ್ಕೊಂಡ್ ಹೋಗು. ಮತ್ತೆ ಈ ಹೊಸಿಲು ತುಳಿಯೋದು ಬ್ಯಾಡ" ಎನ್ನುತ್ತಿದ್ದರು. ಊರಿನ ಹತ್ತು ಜನ ಸುತ್ತ ನಿಂತಿದ್ದರು.

ಒಂದು ಗಳಿಗೆ ನಾನೂ ಅವರ ಹಿಂದೆ ಸುಮ್ಮನೆ ನಿಂತೆ. ಬೇರೆ ಯಾರಾದರೂ ಏನಾದರೂ ಹೇಳಿ ಇದನ್ನು ನಿಲ್ಲಿಸಲಿ ಎಂದು ಕಾದೆ. ಆ ಒಂದು ಗಳಿಗೆಯ ನಾಚಿಕೆ ಇನ್ನೂ ಹೋಗಿಲ್ಲ. ಆಮೇಲೆ ಜನರನ್ನು ಸರಿಸಿ ಮುಂದೆ ಬಂದು, ಬೆಟ್ಟವನ್ನು ಪೆಟ್ಟಿಗೆಯ ಪಕ್ಕ ಇಳಿಸಿದೆ.

"ಹುಳು ಸತ್ತದ್ದು ನನ್ನಿಂದ. ಈ ಬೆಟ್ಟಕ್ಕೆ ಹೊಗೆಸೊಪ್ಪಿನ ನೀರು ಹಚ್ಚಿದ್ದೆ. ಸೊಪ್ಪಿನ ಮೇಲೆ ತೊಟ್ಟಿಕ್ಕಿದೆ. ಯಶೋದಮ್ಮನದೇನೂ ಇಲ್ಲ."

ಯಶೋದಮ್ಮನ ತಂದೆ ಬಾಗಿ ಬೆಟ್ಟವನ್ನು ಮೂಸಿ ನೋಡಿ, ಹೌದೆನ್ನುವಂತೆ ತಲೆಯಾಡಿಸಿದರು. ನಾರಾಯಣಪ್ಪ ನನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡು ನಿಂತಿದ್ದೆ. ಹಿಡಿದಿದ್ದರೆ ಚೆನ್ನಾಗಿತ್ತು. ಆದರೆ ಮೊದಲು ಸದ್ದು ಬಂದದ್ದು ಹೊಸಿಲ ಕಡೆಯಿಂದ. ಪಾಪಮ್ಮನವರು ಕುಸಿದು ಕೂತಿದ್ದರು.

"ಏನಂದೆ? ನೀನು ಹಚ್ಚಿದ್ದಾ? ಬೆಟ್ಟಕ್ಕಾ?" ಎಂದು ಕೇಳಿದರು. ಆಮೇಲೆ ಎರಡೂ ಕೈಯಿಂದ ಎದೆ ಬಡಿದುಕೊಂಡು ಗೊಳೋ ಎಂದು ಅತ್ತರು. "ಅಯ್ಯೋ ದೇವುಡಾ! ಹಂಗಾರೆ ನಂದಲ್ಲ! ನನ್ನ ನಶ್ಯದಿಂದ ಅಲ್ಲ! ಎರಡು ದಿನದಿಂದ ನಾನೇ ಕೊಂದ್ಬಿಟ್ಟೆ ಅಂತ ಒಂದು ತುತ್ತು ಇಳಿದಿಲ್ಲ ನಂಗೆ!"

ಸೊಂಟದ ಸಂಚಿಯಿಂದ ಒಂದು ಪುಟ್ಟ ಡಬ್ಬಿ ತೆಗೆದು ಎಲ್ಲರಿಗೂ ತೋರಿಸಿದರು. ಹಲ್ಲುನೋವಿಗೆಂದು ಶುರುವಾಗಿ ವರ್ಷಗಳಿಂದ ಗುಟ್ಟಾಗಿ ಹಲ್ಲಿಗೆ ಹಾಕುತ್ತಿದ್ದ ಹೊಗೆಸೊಪ್ಪಿನ ನಶ್ಯ. ಆ ದಿನ ಬೆಳಿಗ್ಗೆ ಕೈ ಸರಿಯಾಗಿ ತೊಳೆದಿದ್ದೆನೋ ಇಲ್ಲವೋ ಎಂದು ಅಳುತ್ತಲೇ ಹೇಳಿಕೊಂಡರು. ಮೂವತ್ತು ವರ್ಷ ಹುಳು ಸಾಕಿದ ಕೈ ಅದು. ತಲೆ ಎತ್ತಿ ಒದ್ದಾಡುವ ಮೊದಲ ಹುಳುವನ್ನು ಕಂಡಾಗಲೇ ಇದು ಹೊಗೆಸೊಪ್ಪಿನ ಸಾವು ಎಂದು ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೇ ಬೀದಿಯಲ್ಲಿ ನಿಂತು ಸೊಸೆಯ ಹೆಸರು ಕೂಗಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ ಅನ್ನುತ್ತಾರೆ. ಇಲ್ಲಿ ಯಾರೂ ಕಳ್ಳ ಅಂದಿರಲಿಲ್ಲ. ಹೆದರಿಕೆ ಇಳಿದ ಸಂತೋಷಕ್ಕೇ ಮುದುಕಿ ಎಲ್ಲವನ್ನೂ ಕಕ್ಕಿಬಿಟ್ಟಿದ್ದರು. ನನಗೆ ಆ ದಿನ ಚಿಂತಾಮಣಿಯಲ್ಲಿ ಬಡಿದದ್ದು ಸಿಡಿಲಾದರೆ, ಅದಕ್ಕಿಂತ ದೊಡ್ಡದು ಇದು.

"ಅಮ್ಮಾ" ಎಂದ ನಾರಾಯಣಪ್ಪ. ಅಷ್ಟೇ ಅವನಿಗೆ ಬಂದದ್ದು. ಆಮೇಲೆ ಹೆಂಡತಿಯ ಕಡೆ ತಿರುಗಿ "ಪೆಟ್ಟಿಗೆ ಒಳಗಿಡು ಯಶೋದಾ" ಎಂದ.

ಪಾಪಮ್ಮನವರು ಕಣ್ಣೊರೆಸಿಕೊಳ್ಳುತ್ತ "ಹೂಂ ಕಣಮ್ಮ, ಒಳಗೆ ಬಾ. ನಿಂದೂ ಅಲ್ಲ ನಂದೂ ಅಲ್ಲ ಅಂತ ಆಯ್ತಲ್ಲ" ಎಂದರು.

ಯಶೋದಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಆಕೆಯ ದನಿ ಏರಿರಲಿಲ್ಲ. "ನಿಮ್ದಲ್ಲ ಅಂತ ಗೊತ್ತಾಗಿದ್ದಕ್ಕೆ ಇಷ್ಟು ಅಳ್ತೀರಲ್ಲ ಅತ್ತೆ. ಎರಡು ದಿನ ನಂದು ಅಂತ ಹೇಳ್ತಿದ್ದಾಗ ಒಂದು ಹನಿ ಬರ್ಲಿಲ್ವಲ್ಲ." ಆಮೇಲೆ ತಂದೆಗೆ ಹೇಳಿದಳು: "ಪೆಟ್ಟಿಗೆ ಬಂಡೀಲಿಡಪ್ಪ. ಹೋಗಣ."

ಬೇಡವೆಂದು ಹೇಳುವ ಮುಖ ಅಲ್ಲಿ ಯಾರಿಗೂ ಇರಲಿಲ್ಲ.

ಮುಂದಿನದನ್ನೂ ಹೇಳಿಬಿಡುತ್ತೇನೆ. ನಾರಾಯಣಪ್ಪ ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ, ಅದೇ ದೊಡ್ಡ ಶಿಕ್ಷೆಯಾಯಿತು. ನಾನು ಕೋಣೆ ಬಿಟ್ಟೆ, ವರ್ಷ ತುಂಬುವ ಮೊದಲೇ ವರ್ಗ ಕೇಳಿಕೊಂಡು ಊರೂ ಬಿಟ್ಟೆ. ಸಂಕ್ರಾಂತಿ ಕಳೆದ ಮೇಲೆ ಅವನು ಮಾವನ ಊರಿಗೆ ಹೋಗಿ, ಒಂದು ವಾರ ಅಲ್ಲೇ ಇದ್ದು, ಹೆಂಡತಿಯನ್ನು ಕರೆದುಕೊಂಡು ಬಂದನಂತೆ. ಮಂಡಿಕಲ್ಲಿನ ಹುಡುಗಿಯ ಮಾತು ಮತ್ತೆ ಬರಲಿಲ್ಲವಂತೆ. ಇದೆಲ್ಲ ಬೇರೆಯವರು ಹೇಳಿ ತಿಳಿದದ್ದು. ಯಾರಾದರೂ ಇದನ್ನು ಓದಿ, ಪಾಪ, ಮೇಷ್ಟ್ರು ಹೆದರದೆ ಸತ್ಯ ಹೇಳಿ ಒಂದು ಸಂಸಾರ ಉಳಿಸಿದರು ಎಂದುಕೊಂಡಾರು. ನಾನೂ ಕೆಲವು ವರ್ಷ ಹಾಗೆ ಅಂದುಕೊಳ್ಳಲು ನೋಡಿದೆ. ಆದರೆ ಆ ಸಾಯಂಕಾಲ ಬಂಡಿ ಹತ್ತುವ ಮೊದಲು ಯಶೋದಮ್ಮ ನನ್ನ ಮುಂದೆ ಬಂದು ನಿಂತದ್ದನ್ನು ಇನ್ನೂ ಹೇಳಿಲ್ಲ.

"ತಪ್ಪಾಯ್ತು ಯಶೋದಮ್ಮ. ಗೊತ್ತಿರಲಿಲ್ಲ" ಎಂದೆ.

"ಗೊತ್ತಿಲ್ದೋರು ಕೇಳ್ತಾರೆ ಮೇಷ್ಟ್ರೇ" ಎಂದಳು. "ಆವತ್ತು ಹೊಗೆಸೊಪ್ಪು ನೆನೆಸಕ್ಕೆ ಹಿತ್ತಿಲ ಬಾವಿಗೆ ನೀರಿಗೆ ಬಂದ್ರಲ್ಲ, ನಾನು ಅಲ್ಲೇ ಜಗಲೀಲಿ ಕೂತಿದ್ದೆ. ಕಂಕುಳಲ್ಲಿ ಕಾಗದದ ಪೊಟ್ಟಣ ಇತ್ತು, ಏನು ಅಂತ ಕಾಣ್ಲಿಲ್ಲ. ಬೆಟ್ಟ ಏನಾಯ್ತು ಮೇಷ್ಟ್ರೇ ಅಂತ ಕರೆದೆ. ಎರಡು ಸಲ ಕರೆದೆ. ನೀವು ಆ ಕಡೆ ಮುಖ ಮಾಡ್ಕೊಂಡು ನೀರು ಸೇದ್ಕೊಂಡು ಹೋದ್ರಿ."

ಕರೆದದ್ದು ನನಗೆ ಕೇಳಿಸಿತ್ತು. ಹೊರಗೆ ಕೂತ ಹೆಂಗಸನ್ನು ಮಾತಾಡಿಸಬಾರದು ಎಂದು ಹೋಗಿದ್ದೆ.